ಚಹಾದಂಗಡಿಯ ರೊಟ್ಟಿ ಪಿಜ್ಜಾ

ಕಳೆದ ಶ್ರಾವಣ ಮಾಸದಲ್ಲಿ ನನ್ನ ತಂಗಿಯ ಮಗಳೂ ಆಕೆಯ ಯಜಮಾನರೂ ಸವದತ್ತಿಯಿಂದ ನಮ್ಮ ಮನೆಗೆ ಬಂದಿದ್ದರು. ಬಂದ ಕಾರಣ ಅವರ ಮಗಳ ಮದುವೆಯ ಮಾತು. ಹುಡುಗಿ ನರ್ಸಿಂಗ್ ಓದಿಕೊಂಡು ರಾಮದುರ್ಗದಲ್ಲಿ ನೌಕರಿ ಮಾಡುತ್ತಾಳೆ. ಬೈಲಹೊಂಗಲದಿಂದ ಒಂದು ಸಂಬಂಧ ಕೂಡಿಬಂದಿದೆ. ಮನೆತನ ಸಂಸ್ಕಾರವುಳ್ಳದ್ದು, ಹುಡುಗನಿಗೆ ಯಾವ ದುಶ್ಚಟವೂ ಇಲ್ಲ, ಹುಡುಗಿಗೂ ಅಸಮ್ಮತಿಯಿಲ್ಲ. ಅಡ್ಡ ಬಂದಿರುವುದು ಒಂದೇ ಸಂಗತಿ: ಹುಡುಗ ಚಹಾದಂಗಡಿಯ ಮೂಲೆಯೊಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ಒಲೆ ಹೂಡಿ ಪಿಜ್ಜಾ, ಪಾಸ್ತಾ ಮಾಡಿ ಮಾರುತ್ತಾನೆ.

“ಮಾಮಾರ, ಮಂದಿ ಕೇಳಿದರ ಅಳಿಯಾ ಏನ್ ಮಾಡತಾನಂತ ಹೇಳೂಣ್ರಿ? ಚಾದಂಗಡಿ ಮುಂದ ನಿಂತಾನಂತ ಹೇಳೂಣೇನು?” ಎಂದು ಹುಡುಗಿಯ ತಂದೆ ಕೇಳಿದರು. ತಂಗಿಯ ಮಗಳು ಮಾತ್ರ, “ಮಾಮಾ, ನೀವs ಒಮ್ಮೆ ಹೋಗಿ ಕಣ್ಣಾರೆ ನೋಡಿ, ಉಂಡು ಬರ್ರಿ. ಆಮ್ಯಾಲ ನೀವು ಹೇಳಿದ್ಹಂಗ ಆಗಲಿ” ಎಂದಳು.

ನೋಡಿ ಬರುವುದು ಸುಲಭ, ಉಂಡು ಬರುವುದೇ ಕಷ್ಟ. ಹನ್ನೆರಡನೆಯ ವಯಸ್ಸಿನಲ್ಲಿ ಮಠದ ವಿದ್ಯಾರ್ಥಿನಿಲಯವನ್ನು ಸೇರಿದಂದಿನಿಂದ ಅಂಗಡಿಯ ತಿನಿಸಿಗೆ ನಾನು ದೂರ. ಎದುರಿಗಿಟ್ಟದ್ದು ಪದಾರ್ಥ, ಲಿಂಗಕ್ಕೆ ಅರ್ಪಿತವಾದ ಮೇಲೆ ಅದೇ ಪ್ರಸಾದವೆಂಬುದು ನಮಗೆ ಹೇಳಿಕೊಟ್ಟ ಮೊದಲ ಪಾಠ. ಯಾರು ಬೇಯಿಸಿದರು, ಹೇಗೆ ಬೇಯಿಸಿದರು ಎಂಬುದನ್ನು ಅರಿಯದೆ ತುತ್ತೆತ್ತಬಾರದೆಂಬುದು ಎರಡನೆಯದು. ಭವಿಪಾಕದ ನಿಷೇಧವನ್ನು ನಮ್ಮ ಗುರುಗಳು ಬಹು ನಿಷ್ಠುರವಾಗಿ ಪಾಲಿಸುತ್ತಿದ್ದರು. ಪ್ರವಚನಕ್ಕೆಂದು ಪರಸ್ಥಳಕ್ಕೆ ಹೋಗುವಾಗಲೂ ನನ್ನ ಚೀಲದಲ್ಲಿ ನಾಲ್ಕು ಕಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಇರುವುದು ಇಂದಿಗೂ ತಪ್ಪಿಲ್ಲ. ಅಂಥವನು ಬೀದಿಯ ಬೆಂಚಿನ ಮೇಲೆ ಕುಳಿತು ಪಿಜ್ಜಾ ತಿಂದನೆಂದರೆ ಊರಿನಲ್ಲಿ ನಾಲ್ಕು ದಿನದ ಮಾತಿಗೆ ಸಾಕು.

ಆದರೂ ಒಂದು ಹೆಣ್ಣುಮಗಳ ಬಾಳಿನ ಪ್ರಶ್ನೆ. ಮರುವಾರ ಸಂಜೆ ಐದರ ಸುಮಾರಿಗೆ ಮೊಮ್ಮಗಳನ್ನು ಜೊತೆ ಮಾಡಿಕೊಂಡು ಹೊರಟೆ.

ಬೈಲಹೊಂಗಲವೆಂದರೆ ಅರಳೆಯ ಪೇಟೆ. ಮಾರುಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಹಳೆಯ ಚಹಾದಂಗಡಿ. ಒಂದು ಬದಿಗೆ ಚಹಾದ ಒಲೆ, ಇನ್ನೊಂದು ಬದಿಗೆ ಈ ಹುಡುಗನ ಎರಡು ಹೆಂಚು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ದರಪಟ್ಟಿ: ರೊಟ್ಟಿ ಪಿಜ್ಜಾ 50 ರೂಪಾಯಿ, ಅರ್ಧ 30, ಎಣ್ಣೆಗಾಯಿ ಪಾಸ್ತಾ 40, ಚಹಾ 10. ಹೆಗಲ ಮೇಲೆ ಅರಳೆಯ ಎಳೆಗಳು ಅಂಟಿದ್ದ ಇಬ್ಬರು ಹಮಾಲರು, ಕಾಲೇಜಿನ ಹುಡುಗರ ಒಂದು ಗುಂಪು, ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಶಿಕ್ಷಕಿಯರು ಅಲ್ಲಿದ್ದರು. ಹಮಾಲರು ಅರ್ಧ ಪಿಜ್ಜಾ ತಿಂದು ಚಹಾ ಕುಡಿಯುವುದನ್ನು ಕಂಡು ನನಗೆ ಮೊದಲ ಆಶ್ಚರ್ಯವಾಯಿತು. ಪಿಜ್ಜಾ ಎಂಬುದು ಹುಬ್ಬಳ್ಳಿ, ಬೆಳಗಾವಿಯ ತಂಪು ಕೋಣೆಗಳಲ್ಲಿ ಸಿಗುವ ದುಬಾರಿ ತಿನಿಸೆಂದೇ ನಾನು ತಿಳಿದುಕೊಂಡಿದ್ದೆ.

ಹುಡುಗ ನನ್ನ ವಿಭೂತಿಯನ್ನೂ ಬಿಳಿಯ ನಿಲುವಂಗಿಯನ್ನೂ ನೋಡಿ ಕೈ ಒರೆಸಿಕೊಂಡು ಮುಂದೆ ಬಂದ. “ಶರಣಾರ್ಥಿ ಅಜ್ಜಾರ, ಬರ್ರಿ, ಕುಂದರ್ರಿ. ಚಾ ಹೇಳ್ಲೇನ್ರಿ?” ನಾನು ಯಾರೆಂಬುದು ಅವನಿಗೆ ತಿಳಿದಿರಲಿಲ್ಲ, ಬಂದ ಕಾರಣವನ್ನು ನಾನೂ ಹೇಳಲಿಲ್ಲ.

“ತಮ್ಮಾ, ಇದರಾಗ ತತ್ತಿ ಏನರೆ ಬೀಳತೈತೇನು?”

“ಇಲ್ರಿ ಅಜ್ಜಾರ. ನಮ್ಮ ಒಲಿ ಮ್ಯಾಲ ತತ್ತಿ ಇಟ್ಟಿಲ್ಲ, ಇಡೂದೂ ಇಲ್ಲ.”

ಅಷ್ಟಕ್ಕೆ ನಾನು ಸುಮ್ಮನಾಗಲಿಲ್ಲ. ಚೀಜಿನ ವಿಷಯದಲ್ಲಿ ನನಗೊಂದು ಅನುಮಾನವಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಚೀಜಿಗಾಗಿ ಹಾಲನ್ನು ಒಡೆಯಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪನ್ನು ಬಳಸುವ ಪದ್ಧತಿ ಬಹು ಹಳೆಯದು. ಇದನ್ನು ಕೇಳಿದ್ದೇ ತಡ, ಹುಡುಗ ಒಳಗಿನಿಂದ ಚೀಜಿನ ಪೊಟ್ಟಣವನ್ನೇ ತಂದು ಕೈಗಿತ್ತ. ಮೇಲೆ ಹಸಿರು ಚುಕ್ಕೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊಮ್ಮಗಳು ಓದಿ ಹೇಳಿದಳು: ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್. ಮನೆಯಲ್ಲಿ ಮಕ್ಕಳಿಗಾಗಿ ಇಂಥ ಪದಾರ್ಥಗಳನ್ನು ತರುವ ತಾಯಂದಿರು ಹಸಿರು ಚುಕ್ಕೆಯನ್ನು ನೋಡುವುದರ ಜೊತೆಗೆ ಹಿಂಬದಿಯನ್ನೂ ಓದುವುದೊಳ್ಳೆಯದು. ಮೇಯೊನೇಸ್ ಎಂಬ ಬಿಳಿಯ ಗೊಜ್ಜಿನಲ್ಲಂತೂ ತತ್ತಿಯುಳ್ಳದ್ದೂ ಇದೆ, ಇಲ್ಲದ್ದೂ ಇದೆ. ಕೇಳಿಯೇ ಕೊಳ್ಳಬೇಕು. ಈ ಹುಡುಗ ಅದನ್ನು ಇಟ್ಟಿರಲಿಲ್ಲ.

ಇನ್ನು ಆತ ಮಾಡುವ ಬಗೆ. ತಳಕ್ಕೆ ಮೈದಾ ಹಿಟ್ಟಿನ ಬ್ರೆಡ್ಡಿಲ್ಲ. ಅವನ ತಾಯಿ ಬಡಿದು ಒಣಗಿಸಿದ ಜೋಳದ ಕಡಕ್ ರೊಟ್ಟಿಯೇ ತಳ. ಮೊದಲು ರೊಟ್ಟಿಯ ಮೇಲೆಲ್ಲ ತೆಳ್ಳಗೆ ಬೆಣ್ಣೆಯನ್ನು ಸವರುತ್ತಾನೆ. ರುಚಿಗೆಂದು ನಾನು ತಿಳಿದೆ. ಅಲ್ಲವಂತೆ, ಬೆಣ್ಣೆಯ ಪದರವಿಲ್ಲದಿದ್ದರೆ ಟೊಮೆಟೊದ ನೀರು ಇಳಿದು ಎರಡೇ ನಿಮಿಷದಲ್ಲಿ ರೊಟ್ಟಿ ಮೆತ್ತಗಾಗುತ್ತದೆ. ಅದರ ಮೇಲೆ ಟೊಮೆಟೊ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿಗಳನ್ನು ಕುದಿಸಿ ಗಟ್ಟಿ ಮಾಡಿದ ಗೊಜ್ಜು, ಹೆಚ್ಚಿದ ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ಕೊನೆಗೆ ತುರಿದ ಚೀಜು. ಹೆಂಚಿನ ಮೇಲಿಟ್ಟು ಸ್ಟೀಲಿನ ಬೋಗುಣಿಯನ್ನು ಬೋರಲು ಹಾಕಿ ಸಣ್ಣ ಉರಿಯಲ್ಲಿ ಬಿಡುತ್ತಾನೆ. ಚೀಜು ಕರಗಿದೊಡನೆ ಇಳಿಸಿ ಮೇಲೆ ಗುರೆಳ್ಳು ಹಿಂಡಿ ಉದುರಿಸುತ್ತಾನೆ. ಚಾಕು ಹಾಕಿದರೆ ಕಡಕ್ ರೊಟ್ಟಿ ಚೂರುಚೂರಾಗುವುದರಿಂದ ಕತ್ತರಿಯಿಂದ ನಾಲ್ಕು ಭಾಗ ಮಾಡುತ್ತಾನೆ. “ಲಗೂನ ತಿನ್ರಿ ಅಜ್ಜಾರ, ಆರಿದರ ಮಜಾ ಇರೂದಿಲ್ಲ” ಎಂದು ಅವಸರಪಡಿಸಿದ.

ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡು, ಮನದಲ್ಲಿಯೇ ಅರ್ಪಿಸಿ, ಒಂದು ತುಣುಕನ್ನು ಬಾಯಿಗಿಟ್ಟೆ. ಮುಚ್ಚುಮರೆ ಏಕೆ, ಚೆನ್ನಾಗಿತ್ತು. ಮೊದಲು ಹಲ್ಲಿಗೆ ಸಿಕ್ಕದ್ದು ನಮ್ಮ ರೊಟ್ಟಿ, ಆಮೇಲೆ ಹುಳಿಖಾರ, ಬೆಣ್ಣೆಗಿಂತ ಜಿಗುಟಾದ ಚೀಜು, ಕಟ್ಟಕಡೆಗೆ ನಾಲಗೆಯ ಮೇಲೆ ಉಳಿದದ್ದು ಗುರೆಳ್ಳಿನ ಕಹಿಯಂಚಿನ ಪರಿಮಳ. ಪರದೇಶದ ತಿನಿಸನ್ನು ತಿನ್ನುತ್ತಿದ್ದೇನೆಂದು ನನಗನ್ನಿಸಲೇ ಇಲ್ಲ. ಎಣ್ಣೆಗಾಯಿ ಪಾಸ್ತಾದ ಮಾತು ಬೇರೆ. ಅದು ಎಣ್ಣೆಗಾಯಿಗೆ ಮಾಡಿದ ಅನ್ಯಾಯ. ಬದನೆಕಾಯಿ ಇಲ್ಲದ ಎಣ್ಣೆಗಾಯಿ ಮಸಾಲೆಯಲ್ಲಿ ಕೊಳವೆಯಂಥ ತುಣುಕುಗಳು ತೇಲುತ್ತಿದ್ದವು, ಮಸಾಲೆ ಅವುಗಳಿಗೆ ಹತ್ತಿರಲಿಲ್ಲ. ಮೊಮ್ಮಗಳು ಮಾತ್ರ ಅದನ್ನೇ ಮೆಚ್ಚಿ ತಟ್ಟೆ ಬರಿದು ಮಾಡಿದಳು.

ಪಾಶ್ಚಾತ್ಯ ತಿನಿಸು ನಮ್ಮ ಮನೆಗಳನ್ನು ಕೆಡಿಸುತ್ತಿದೆಯೆಂದು ವೇದಿಕೆಗಳಲ್ಲಿ ನಾವು ಆಗಾಗ ಆಡುವ ಮಾತುಂಟು. ನಾನೂ ಆಡಿದ್ದೇನೆ. ಆ ಬೆಂಚಿನ ಮೇಲೆ ಕುಳಿತು ತಟ್ಟೆಯಲ್ಲಿದ್ದುದನ್ನು ಒಂದೊಂದಾಗಿ ಎಣಿಸಿದಾಗ ಆ ಮಾತಿನ ಬಿಸಿ ಬಹಳವಾಗಿ ಇಳಿಯಿತು. ಜೋಳ, ಬೆಣ್ಣೆ, ಉಳ್ಳಾಗಡ್ಡಿ, ಗುರೆಳ್ಳು ನಮ್ಮಲ್ಲಿ ಹಳೆಯವು, ಸರಿ. ಟೊಮೆಟೊ, ದೊಣ್ಣಮೆಣಸಿನಕಾಯಿ, ಬ್ಯಾಡಗಿ ಮೆಣಸಿನಕಾಯಿ ಮೂರೂ ಮೂಲತಃ ಅಮೇರಿಕ ಖಂಡದವು. ಪೋರ್ತುಗೀಜರು ಪಶ್ಚಿಮ ಕರಾವಳಿಗೆ ಬಂದಿಳಿದ ಮೇಲೆ ಮೆಣಸಿನಕಾಯಿ ನಮ್ಮ ನೆಲವನ್ನು ಕಂಡಿತು. ಆ ಮೊದಲು ಖಾರಕ್ಕೆ ಇದ್ದದ್ದು ಕರಿಮೆಣಸು. ಮೆಣಸಿನ ಹೆಸರನ್ನೇ ಎರವಲು ಪಡೆದು ಈ ಹೊಸಬ ‘ಮೆಣಸಿನಕಾಯಿ’ ಆಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ, ಕೆಂಪು ಖಾರವೆಂಬುದೇ ಇರಲಿಲ್ಲ. ಅದೇ ಮೆಣಸಿನಕಾಯಿ ಇಂದು ನಮ್ಮದೆಂದರೆ ನಮ್ಮದೇ, ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು. ನನ್ನ ಚೀಲದ ಶೇಂಗಾ ಹಿಂಡಿಯ ಶೇಂಗಾ ಕೂಡ ದಕ್ಷಿಣ ಅಮೇರಿಕದಿಂದ ಬಂದ ಕಾಳು. ನಾವು ಬಟಾಟೆ ಎನ್ನುವುದು ಪೋರ್ತುಗೀಜರ ಮಾತು, ಪಾವ್ ಎನ್ನುವುದೂ ಅವರದೇ. ಗೋವಿನಜೋಳವು ಗೋವೆಯಿಂದ ಬಂದ ಜೋಳವೋ ಗೋವುಗಳಿಗೆ ಹಾಕುವ ಜೋಳವೋ, ಹಿರಿಯರು ಎರಡನ್ನೂ ಹೇಳುವುದುಂಟು. ಇತ್ತ ಪಿಜ್ಜಾ ಹುಟ್ಟಿದ ಇಟಲಿಯವರಿಗಾದರೂ ಟೊಮೆಟೊ ಸ್ವಂತದ್ದೇನಲ್ಲ, ಅದೇ ಅಮೇರಿಕದಿಂದ ಹಡಗೇರಿ ಬಂದದ್ದು.

ಪಾಸ್ತಾದ ಕಥೆ ಇನ್ನೂ ಹತ್ತಿರದ್ದು. ಇಟಲಿಯವರು ಗಟ್ಟಿಗೋಧಿಯ ರವೆಯನ್ನು ನಾದಿ, ಬಗೆಬಗೆಯ ಆಕಾರ ಕೊಟ್ಟು, ಒಣಗಿಸಿಡುತ್ತಾರೆ. ನಮ್ಮ ತಾಯಂದಿರು ಮಾಡುತ್ತಿದ್ದ ಶ್ಯಾವಿಗೆ, ಗೌಲಿ, ಬಳವಟಿಗೆ, ಪರಡಿಗಳು ಇನ್ನೇನು? ಮದುವೆಯ ಸುಗ್ಗಿಗೆ ಮೊದಲು ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡಿ, ಬೆರಳ ತುದಿಯಿಂದ ಗೋಧಿಹಿಟ್ಟನ್ನು ಹೊಸೆದು, ಬಾಚಣಿಕೆಯಂಥ ಹಲಗೆಯ ಮೇಲೆ ಒತ್ತಿ ಗೆರೆ ಮೂಡಿಸುತ್ತಿದ್ದರು. ಈ ಹುಡುಗ ಎಣ್ಣೆಗಾಯಿಯ ಬದಲು ಹಾಲು, ಬೆಲ್ಲದ ದಾರಿ ಹಿಡಿದಿದ್ದರೆ ಗೆಲ್ಲುತ್ತಿದ್ದನೇನೋ. ಅದನ್ನು ಅವನಿಗೆ ಹೇಳಿಯೂ ಬಂದೆ.

ನನ್ನ ಬಾಳಿನಲ್ಲಿ ಪಾಶ್ಚಾತ್ಯ ಅನ್ನ ಇದೇ ಮೊದಲನೆಯದೆಂದು ಮನೆಯಿಂದ ಹೊರಡುವಾಗ ಅಂದುಕೊಂಡಿದ್ದೆ. ಅದೂ ಸುಳ್ಳೆಂಬುದು ತಿನ್ನುತ್ತಿರುವಾಗ ನೆನಪಾಯಿತು. 1960ರ ದಶಕದ ಕೊನೆಯಲ್ಲಿ ನಾನು ಸವದತ್ತಿ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದಾಗ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಅಮೇರಿಕದ ‘ಕೇರ್’ ಸಂಸ್ಥೆಯ ಚೀಲಗಳಲ್ಲಿ ಬಂದ ಗೋಧಿಯ ನುಚ್ಚು, ಡಬ್ಬಿಯಲ್ಲಿ ಬಂದ ಎಣ್ಣೆ. ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಕಳಿಸಲು ಅಮೇರಿಕ 1954ರಲ್ಲಿ ಮಾಡಿಕೊಂಡ ಪಿ.ಎಲ್. 480 ಎಂಬ ಕಾನೂನಿನ ಹೆಸರು ಆಗ ಹಳ್ಳಿಯ ಗೌಡರ ಬಾಯಲ್ಲಿಯೂ ಇತ್ತು. ಒಗ್ಗರಣೆಗೆ ನಮ್ಮೂರ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಆ ಉಪ್ಪಿಟ್ಟಿನ ವಾಸನೆ ಬಂದೊಡನೆ ಮಗ್ಗಿ ಮರೆತುಹೋಗುತ್ತಿತ್ತು.

ಆಮೇಲೆ 1972ರ ಬರಗಾಲ. ನಾನಾಗ ಮಠದಲ್ಲಿದ್ದೆ. ಭಿಕ್ಷೆಯ ಜೋಳಿಗೆ ಅರ್ಧ ತುಂಬಿ ಮರಳುತ್ತಿದ್ದ ದಿನಗಳು. ಪಡಿತರದಲ್ಲಿ ಅಮೇರಿಕದ ಕೆಂಪು ಜೋಳ ಬಂತು, ಮೈಲೋ ಎನ್ನುತ್ತಿದ್ದರು. ರೊಟ್ಟಿ ಬಡಿದರೆ ಬಿರಿಯುತ್ತಿತ್ತು, ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಪರದೇಶದವರು ದನಗಳಿಗೆ ಹಾಕುವ ಧಾನ್ಯವೆಂದು ಯಾರೋ ಹೇಳಿದ್ದರಿಂದ ದೊಡ್ಡ ಹುಡುಗರು ಪಂಕ್ತಿಯಲ್ಲಿ ಕೈ ಕಟ್ಟಿ ಕುಳಿತರು. ಹಿರಿಯ ಸ್ವಾಮಿಗಳು ಯಾರಿಗೂ ಏನನ್ನೂ ಹೇಳಲಿಲ್ಲ. ಪಂಕ್ತಿಯ ತುದಿಗೆ ತಾವೂ ಕುಳಿತು, ಅದೇ ಕೆಂಪು ರೊಟ್ಟಿಯನ್ನು ಲಿಂಗಕ್ಕೆ ತೋರಿ, ಕಣ್ಣಿಗೊತ್ತಿಕೊಂಡು, ಮೊದಲ ತುತ್ತನ್ನು ತಾವೇ ತೆಗೆದುಕೊಂಡರು. ಭವಿಪಾಕದ ಬಗ್ಗೆ ಅಷ್ಟು ನಿಷ್ಠುರರಾಗಿದ್ದವರು ಅವರೇ.

ಹೀಗೆಂದು ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನಬಹುದೆಂದು ನಾನು ಹೇಳುತ್ತಿಲ್ಲ. ಹುಡುಗರು ಮುಗಿಬೀಳುವ ಗೋಬಿ ಮಂಚೂರಿಯನ್ನೇ ನೋಡಿ. ಚೀನಾದ ಮಂಚೂರಿಯಾ ಪ್ರಾಂತಕ್ಕೂ ಅದಕ್ಕೂ ಹೆಸರಿನ ಸಂಬಂಧವಷ್ಟೇ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಎಂಬುವರು ಕೋಳಿಯಿಂದ ಮಾಡಿದ ಹೊಸ ಪದಾರ್ಥ ಅದು. ಕೋಳಿಯ ಜಾಗಕ್ಕೆ ಹೂಕೋಸು ಬಂದಿತು, ಜಾತ್ರೆಜಾತ್ರೆಗೂ ಹಬ್ಬಿತು. ಎಲ್ಲಮ್ಮನ ಗುಡ್ಡದ ಹುಣ್ಣಿಮೆಯಲ್ಲಿಯೂ ಇದೆ, ಕಿತ್ತೂರಿನ ಉತ್ಸವದಲ್ಲಿಯೂ ಇದೆ. ಅದನ್ನು ಕೆಂಪಾಗಿಸಲು ಏನು ಹಾಕುತ್ತಾರೆಂಬುದು 2024ರಲ್ಲಿ ಬಯಲಾಯಿತು. ಸರಕಾರ ಸಂಗ್ರಹಿಸಿದ ಗೋಬಿಯ 171 ಮಾದರಿಗಳ ಪೈಕಿ 107 ಮಾದರಿಗಳು ಕೃತಕ ಬಣ್ಣದಿಂದಾಗಿ ಅಸುರಕ್ಷಿತವೆಂದು ತಿಳಿದುಬಂದು, ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ನಿಷೇಧವನ್ನು ಪ್ರಕಟಿಸಿದರು. ಅದರಲ್ಲಿ ಹೆಸರಿಸಲಾದ ರೋಡಮೈನ್-ಬಿ ಎಂಬುದು ಬಟ್ಟೆಬರೆಗೆ ಹಾಕುವ ಬಣ್ಣ. ನೇಕಾರರ ಊರಾದ ರಾಮದುರ್ಗದವರಿಗೆ ನೂಲಿನ ಬಣ್ಣವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳು ತಿನ್ನುವುದು ಅಂಥದ್ದನ್ನು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಇನ್ನೊಂದು ಕೇಡು. ಎಣ್ಣೆ ಕಪ್ಪಾಗಿ, ನೊರೆಯೆದ್ದು, ಕಮಟು ಹೊಗೆ ಬರುವ ಬಾಣಲೆಯ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿ. ಈ ಹುಡುಗನಲ್ಲಿ ಬಾಣಲೆಯೇ ಇಲ್ಲ. ಕೆಂಪಿಗೆ ಏನು ಹಾಕುತ್ತೀ ಎಂದು ಕೇಳಿದಾಗ, ನೆನೆಸಿಟ್ಟ ಬ್ಯಾಡಗಿ ಕಾಯಿಗಳ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ.

ಕತ್ತಲಾಗುತ್ತ ಗಿರಾಕಿಗಳು ಕಡಿಮೆಯಾದರು. ಮಾತಿಗೆ ಎಳೆದೆ. ಬಿ.ಕಾಂ. ಮುಗಿಸಿ ಪುಣೆಯ ಒಂದು ದೊಡ್ಡ ಹೊಟೆಲಿನಲ್ಲಿ ಅಡುಗೆಯವರ ಕೈಕೆಳಗೆ ನಾಲ್ಕು ವರ್ಷ ದುಡಿದನಂತೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಆ ಕೆಲಸ ಹೋಯಿತು. ಊರಿಗೆ ಬಂದ. ತಂದೆ ತೀರಿಕೊಂಡು ಬಹಳ ವರ್ಷ. ತಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸಣ್ಣದೊಂದು ಖಾನಾವಳಿಯನ್ನು ನಡೆಸಿಕೊಂಡು ಮಗನನ್ನು ಓದಿಸಿದವಳು, ಇಂದಿಗೂ ನಸುಕಿನ ನಾಲ್ಕಕ್ಕೆ ಎದ್ದು ನೂರಕ್ಕೂ ಹೆಚ್ಚು ರೊಟ್ಟಿ ಬಡಿಯುತ್ತಾಳೆ. ಮಾರಿ ಉಳಿದ ರೊಟ್ಟಿಗಳನ್ನು ಏನು ಮಾಡುವುದೆಂಬ ಚಿಂತೆಯಿಂದಲೇ ಈ ಪಿಜ್ಜಾ ಹುಟ್ಟಿತಂತೆ. ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದ 2024ರ ಅಕ್ಟೋಬರ್ ಉತ್ಸವದಲ್ಲಿ ಮಳಿಗೆ ಹಾಕಿದಾಗ ಎರಡನೆಯ ದಿನವೇ ರೊಟ್ಟಿಗಳು ತೀರಿಹೋಗಿ, ತಾಯಿ ಬಸ್ಸಿನಲ್ಲಿ ಇನ್ನೊಂದು ಬುಟ್ಟಿ ತರಬೇಕಾಯಿತು.

ಅವನ ಲೆಕ್ಕದ ಪುಸ್ತಕವನ್ನೂ ನೋಡಿದೆ. ಐವತ್ತು ರೂಪಾಯಿಯಲ್ಲಿ ಚೀಜಿಗೇ ಹದಿನೇಳು ಹೋಗುತ್ತದೆ. ರೊಟ್ಟಿಗೆಂದು ಎಂಟು ರೂಪಾಯಿಯನ್ನು ತಾಯಿಯ ಹೆಸರಿನಲ್ಲಿ ಬೇರೆ ಬರೆಯುತ್ತಾನೆ. ಬೆಣ್ಣೆ, ಕಾಯಿಪಲ್ಲೆ, ಗ್ಯಾಸು ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಹದಿನೈದು. ದಿನಕ್ಕೆ ಅರವತ್ತು ತಟ್ಟೆ ಹೋದರೆ ಒಂಬೈನೂರು, ಅದರಲ್ಲಿ ಜಾಗದ ಬಾಡಿಗೆ ನೂರೈವತ್ತು. ಮಳೆ ಹಿಡಿದರೆ ಇಪ್ಪತ್ತು ತಟ್ಟೆಯೂ ಹೋಗುವುದಿಲ್ಲ. ದಿನಾಂಕ, ತಟ್ಟೆ, ಉಳಿಕೆ, ಎಲ್ಲವೂ ದುಂಡಗಿನ ಅಕ್ಷರಗಳಲ್ಲಿ ಸಾಲಾಗಿ ಇದ್ದವು.

ಕಾಯಕದ ಬಗ್ಗೆ ನಾವು ಮಾಡುವ ಭಾಷಣಗಳಿಗೆ ಕೊನೆಯಿಲ್ಲ. ಆದರೆ ನಮ್ಮ ಸಮಾಜದ ಪತ್ರಿಕೆಗಳ ವಧೂವರರ ಪುಟವನ್ನು ತೆರೆದು ನೋಡಿ, ಸರಕಾರಿ ನೌಕರಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಎಂಬ ಮಾತುಗಳೇ ಎದ್ದು ಕಾಣುತ್ತವೆ. ಒಕ್ಕಲುತನ ಮಾಡುವ, ಅಂಗಡಿ ನಡೆಸುವ ಹುಡುಗರು ಮೂವತ್ತೈದು ದಾಟಿದರೂ ಹೆಣ್ಣು ಸಿಗದೆ ಉಳಿದಿರುವ ಮನೆಗಳು ಈ ನಾಲ್ಕು ತಾಲೂಕುಗಳಲ್ಲಿ ಪ್ರತಿ ಊರಿನಲ್ಲಿಯೂ ಇವೆ. ಇದನ್ನು ಬರೆಯುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ಹಲವು ವರ್ಷಗಳ ಹಿಂದೆ ನನ್ನ ಸ್ವಂತ ಮಗಳಿಗೆ ಧಾರವಾಡದ ಖಾನಾವಳಿಯವರ ಮನೆಯಿಂದ ಸಂಬಂಧ ಬಂದಿತ್ತು. ಒಳ್ಳೆಯ ಹುಡುಗ. ದಾಸೋಹದ ಮೇಲೆ ಅದೇ ತಿಂಗಳು ಮೂರು ಉಪನ್ಯಾಸ ಕೊಟ್ಟಿದ್ದ ನಾನು, “ಖಾನಾವಳಿಯವರಿಗೆ ಬ್ಯಾಡ” ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದೆ. ನನ್ನ ಮನೆಯವರು ಅದನ್ನು ಇನ್ನೂ ಮರೆತಿಲ್ಲ. ಆ ಸಂಜೆ ಅಂಗಡಿಗೆ ಹೊರಟಾಗ ಬಾಗಿಲಿನಲ್ಲಿ ನಿಂತು ನೆನಪು ಮಾಡಿಕೊಟ್ಟವರೂ ಅವರೇ.

ಹೊರಡುವಾಗ ಎರಡು ರೊಟ್ಟಿ ಪಿಜ್ಜಾ ಕಟ್ಟಿಸಿಕೊಂಡೆ. ಸವದತ್ತಿಗೆ ಒಯ್ಯುತ್ತೇನೆಂದಾಗ ಹುಡುಗ ಒಪ್ಪಲಿಲ್ಲ. ಅಷ್ಟು ದೂರ ಹೋದರೆ ಮೆತ್ತಗಾಗುತ್ತದೆ, ಅಂಗಡಿಯ ಹೆಸರು ಕೆಡುತ್ತದೆ ಎಂದ. ಕೊನೆಗೆ ರೊಟ್ಟಿ ಬೇರೆ, ಗೊಜ್ಜು ಬೇರೆ, ಚೀಜು ಬೇರೆ ಕಟ್ಟಿ, ಹೆಂಚಿನ ಮೇಲೆ ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟ. ಮರುದಿನ ಮುಂಜಾನೆಯ ಬಸ್ಸಿಗೆ ಸವದತ್ತಿಗೆ ಹೋದೆ. ತಂಗಿಯ ಮಗಳು ಚೀಟಿ ನೋಡಿಕೊಂಡು ಮಾಡಿದಳು, ಯಜಮಾನರು ಮಾತಿಲ್ಲದೆ ಎರಡು ತುಣುಕು ತಿಂದರು. ನಾನು ಕಂಡದ್ದನ್ನೆಲ್ಲ ಹೇಳಿದೆ: ಒಲೆಯ ಶುಚಿ, ಲೆಕ್ಕದ ಪುಸ್ತಕ, ತಾಯಿಯ ಹೆಸರಿನ ಎಂಟು ರೂಪಾಯಿ. ಧಾರವಾಡದ ಸಂಗತಿಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ದೀಪಾವಳಿ ಆಗಲಿ, ನೋಡೂಣ್ರಿ ಮಾಮಾರ” ಎಂದರು.

ರಾತ್ರಿ ರಾಮದುರ್ಗದಿಂದ ಹುಡುಗಿಯ ಫೋನು ಬಂತು. ತಂದೆ ಏನೆಂದರೆಂದು ಆಕೆ ಕೇಳಲಿಲ್ಲ.

“ಅಜ್ಜಾ, ರುಚಿ ಹೆಂಗಿತ್ತ್ರಿ?”

“ಚಲೋ ಇತ್ತವ್ವಾ. ಉಪ್ಪು ಒಂದು ಹರಳು ಹೆಚ್ಚಾಗಿತ್ತು. ಚೀಜಿನ್ಯಾಗೂ ಉಪ್ಪೈತಿ, ಹಿಂಡ್ಯಾಗೂ ಉಪ್ಪೈತಿ, ಗೊಜ್ಜಿಗೆ ಮತ್ತ ಹಾಕತಾನ.”

“ಹೌದ್ರಿ ಅಜ್ಜಾ, ನಾನೂ ಅದನ್ನs ಹೇಳೀನಿ” ಎಂದಳು.